ಗಣಕ ಪ್ರಶ್ನೋತ್ತರ: ಹಳೆಯ ಯಂತ್ರಕ್ಕೆ ಯಾವ ಲಿನಕ್ಸ್?

ಪ್ರಶ್ನೆ: ನಮ್ಮ ಮನೆಯಲ್ಲಿ 2015ರಲ್ಲಿ ಕೊಂಡ ಕಂಪ್ಯೂಟರ್ ಇದೆ. ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ವಿಂಡೋಸ್ 10. ಇದಕ್ಕೆ ವಿಂಡೋಸ್ 11 ಹಾಕಲು ಬರುವುದಿಲ್ಲ, ಹೊಸದನ್ನೇ ಕೊಳ್ಳಿ ಎಂದು ಅಂಗಡಿಯವರು ಹೇಳುತ್ತಾರೆ. ಎಂಜಿನಿಯರಿಂಗ್ ಓದುತ್ತಿರುವ ಮಗಳು ಉಬುಂಟು ಹಾಕೋಣ ಎನ್ನುತ್ತಾಳೆ, ಬೆಂಗಳೂರಿನಲ್ಲಿರುವ ಮಗ ಫೆಡೋರಾ ಎನ್ನುತ್ತಾನೆ. ನಾನು ನಿವೃತ್ತ ಕನ್ನಡ ಶಿಕ್ಷಕಿ. ನುಡಿ ತಂತ್ರಾಂಶದಲ್ಲಿ ಬರೆದಿಟ್ಟ ನೂರಾರು ಕಡತಗಳಿವೆ. ಯಜಮಾನರ ಬಟ್ಟೆ ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದೆ. ಯಾವುದನ್ನು ಆರಿಸಲಿ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ತಮ್ಮ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹೊಂದುತ್ತದೆ. ಲಿನಕ್ಸ್ ಎಂದರೆ ವಿಂಡೋಸ್ ಬದಲಿಗೆ ಯಂತ್ರವನ್ನು ನಡೆಸುವ ಉಚಿತ ಕಾರ್ಯಾಚರಣ ವ್ಯವಸ್ಥೆ. ಉಬುಂಟು, ಫೆಡೋರಾ, ಮಿಂಟ್ ಅದರ ಬೇರೆ ಬೇರೆ ರೂಪಗಳು. ಎಕ್ಸ್‌ಎಫ್‌ಸಿಇ ಎಂಬುದು ಮೆನು, ಕಿಟಕಿಗಳನ್ನು ತೋರಿಸುವ ಪರದೆಯ ಹೆಸರು. ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ನಿಜ. ವಿಂಡೋಸ್ 11 ಸಾಮಾನ್ಯವಾಗಿ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಇಂಟೆಲ್ ಪ್ರೊಸೆಸರನ್ನೂ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ ಕೇಳುತ್ತದೆ. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದರೆ ಇದರಿಂದ ಯಂತ್ರವೇನೂ ಹಾಳಾಗಿಲ್ಲ.

ಮಗಳು, ಮಗ ಇಬ್ಬರ ಸಲಹೆಯೂ ತಪ್ಪಲ್ಲ, ಆದರೆ ಇಬ್ಬರೂ ತಮ್ಮ ತಮ್ಮ ಲ್ಯಾಪ್‌ಟಾಪನ್ನು ನೆನೆದು ಹೇಳಿದಂತಿದೆ. ಫೆಡೋರಾದ ಹೊಸ ಆವೃತ್ತಿ ಸುಮಾರು ಆರು ತಿಂಗಳಿಗೊಮ್ಮೆ ಬರುತ್ತದೆ ಮತ್ತು ಪ್ರತಿ ಆವೃತ್ತಿಗೂ ಹದಿಮೂರು ತಿಂಗಳಷ್ಟೇ ಬೆಂಬಲವಿರುವುದರಿಂದ, ವರ್ಷಕ್ಕೊಮ್ಮೆಯಾದರೂ ಮೇಲ್ದರ್ಜೆಗೇರಿಸುವ ಕೆಲಸ ತಮ್ಮ ತಲೆಗೆ ಬರುತ್ತದೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಐದು ವರ್ಷದ ಬೆಂಬಲವಿದ್ದರೂ ಅದರ ಗ್ನೋಮ್ ಎಂಬ ಪರದೆ 4 ಜಿಬಿ ರ‍್ಯಾಮ್‌ನಲ್ಲಿ ತೆವಳುತ್ತದೆ. ಮಿಂಟ್ 22 ಅದೇ ಉಬುಂಟು 24.04ರ ಮೇಲೆ ನಿಂತಿದ್ದು 2029ರವರೆಗೆ ಭದ್ರತಾ ಪರಿಷ್ಕರಣೆ ಪಡೆಯುತ್ತದೆ. ಎಕ್ಸ್‌ಎಫ್‌ಸಿಇ ಪರದೆ ಹಗುರವಾಗಿದ್ದು ಕೆಳಗಿನ ಪಟ್ಟಿ, ಮೂಲೆಯ ಮೆನು ಎಲ್ಲವೂ ವಿಂಡೋಸ್ ಬಳಸಿದವರಿಗೆ ಪರಿಚಿತವಾಗಿಯೇ ಕಾಣುತ್ತವೆ. ಉಬುಂಟು ಬಲ್ಲ ಮಗಳು ಮಿಂಟ್‌ನಲ್ಲಿ ತೊಡಕು ಬಂದರೂ ಬಿಡಿಸಬಲ್ಲಳು. ಮನೆಯಲ್ಲೇ ಬಿಡಿಸಿಕೊಡುವವರಿರುವುದು ಆಯ್ಕೆಯಲ್ಲಿ ಯಾವ ತಾಂತ್ರಿಕ ಗುಣಕ್ಕಿಂತಲೂ ಹೆಚ್ಚು ತೂಗುತ್ತದೆ ಎಂಬುದು ನನ್ನ ಅಭಿಪ್ರಾಯ.

ತಾವು ನಿಜವಾಗಿ ಯೋಚಿಸಬೇಕಾದದ್ದು ನುಡಿ ಕಡತಗಳ ಬಗ್ಗೆ. ಹಳೆಯ ನುಡಿ ಅಕ್ಷರಶೈಲಿಗಳು (ಫಾಂಟ್‌ಗಳು), ಎಲ್ಲ ಯಂತ್ರಗಳಲ್ಲೂ ಒಂದೇ ಬಗೆಯಾಗಿ ಓದಲು ಬರುವ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ಗಿಂತ ಮೊದಲಿನ ಪದ್ಧತಿಯವು. ಅವುಗಳಲ್ಲಿ ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಗಿದೆ. ಆದ್ದರಿಂದ ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು ಕಾಣುತ್ತದೆ. ಗಾಬರಿಯಾಗಬೇಡಿ, ಕಡತ ಕೆಟ್ಟಿರುವುದಿಲ್ಲ. ವಿಂಡೋಸ್‌ನ ಫಾಂಟ್ ಫೋಲ್ಡರಿನಿಂದ ನುಡಿ ಫಾಂಟ್‌ಗಳನ್ನು ಮಿಂಟ್‌ಗೆ ನಕಲಿಸಿಕೊಂಡರೆ ಲಿಬ್ರೆಆಫೀಸ್ ಎಂಬ ಬರವಣಿಗೆಯ ತಂತ್ರಾಂಶ ಅವನ್ನು ಓದಿ ತೋರಿಸುತ್ತದೆ. ಆದರೆ ಅದೇ ಶೈಲಿಯಲ್ಲಿ ಮುಂದೆ ಬರೆಯಲು ನುಡಿ ತಂತ್ರಾಂಶವೇ ಬೇಕಾಗುತ್ತದೆ, ಅದು ವಿಂಡೋಸ್‌ಗಾಗಿ ಮಾಡಿದ್ದು. ಹಾಗಾಗಿ ಮುಖ್ಯ ಬರಹಗಳನ್ನಾದರೂ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಒಳ್ಳೆಯದು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬರಹದ ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡವೆಂದೇ ಭಾವಿಸಲ್ಪಟ್ಟು ಅರ್ಥವಿಲ್ಲದ ಅಕ್ಷರಗಳಾಗಬಹುದು, ಅರ್ಕಾವೊತ್ತು ಇರುವಲ್ಲಿ ಕೆಲವೊಮ್ಮೆ ಎಡವಟ್ಟಾಗುತ್ತದೆ. ಪರಿವರ್ತಿಸಿದ ಪ್ರತಿಯನ್ನು ಒಮ್ಮೆ ಕಣ್ಣಾಡಿಸಿ ತಿದ್ದುವ ಕೆಲಸ ಶಿಕ್ಷಕಿಯಾದ ತಮಗೆ ಹೊಸದಲ್ಲ. ಮೂಲ ಕಡತವನ್ನು ಮಾತ್ರ ಅಳಿಸಬೇಡಿ.

ಹೊಸ ಬರವಣಿಗೆಗೆ ಕೀಲಿಮಣೆ ಮತ್ತೆ ಕಲಿಯಬೇಕಿಲ್ಲ. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್ ಎಂಬ ಕೀಲಿಮಣೆ ತಂತ್ರಾಂಶ ಮತ್ತು ಅದರ ಎಂ17ಎನ್ ಭಾಗವನ್ನು ಹಾಕಿಕೊಂಡು ಕನ್ನಡದಡಿ ಕೆಜಿಪಿ ವಿನ್ಯಾಸವನ್ನು ಆರಿಸಿದರೆ, ತಾವು ನುಡಿಯಲ್ಲಿ ರೂಢಿಸಿಕೊಂಡ, ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯೇ ದೊರೆಯುತ್ತದೆ. ಗುಬ್ಬಿ, ನವಿಲು, ಲೋಹಿತ್ ಎಂಬ ಯೂನಿಕೋಡ್ ಫಾಂಟ್‌ಗಳೂ ಅಲ್ಲಿಯೇ ಸಿಗುತ್ತವೆ.

ಟ್ಯಾಲಿ ವಿಂಡೋಸ್ ತಂತ್ರಾಂಶ. ವೈನ್ ಎಂಬ ಸಾಧನದ ಮೂಲಕ ಇಂಥವನ್ನು ಲಿನಕ್ಸ್‌ನಲ್ಲಿ ನಡೆಸುವ ಪ್ರಯತ್ನ ಮಾಡಬಹುದಾದರೂ ಅಂಗಡಿಯ ಲೆಕ್ಕದಂಥ ವಿಷಯದಲ್ಲಿ ಆ ದಾರಿಯನ್ನು ನಾನು ಸೂಚಿಸಲಾರೆ. ಯಜಮಾನರು ಲೆಕ್ಕವನ್ನು ಅಂಗಡಿಯ ಬೇರೆ ಯಂತ್ರಕ್ಕೆ ಒಯ್ಯುವುದು ಉತ್ತಮ. ಆಗದಿದ್ದರೆ ವಿಂಡೋಸನ್ನು ಉಳಿಸಿಕೊಂಡು ಪಕ್ಕದಲ್ಲಿ ಮಿಂಟ್ ಹಾಕಿಸಿ, ಬ್ಯಾಂಕು, ಮಿಂಚಂಚೆ ಎಲ್ಲವನ್ನೂ ಮಿಂಟ್‌ನಲ್ಲೇ ನಡೆಸಿ, ವಿಂಡೋಸನ್ನು ಟ್ಯಾಲಿಗಷ್ಟೇ ತೆರೆಯಿರಿ.

ಅಳವಡಿಸುವ ಮೊದಲು 8 ಜಿಬಿ ಪೆನ್‌ಡ್ರೈವ್‌ಗೆ ಮಿಂಟ್ ಬರೆಯಿಸಿ, ಅದರಿಂದಲೇ ಯಂತ್ರವನ್ನು ಚಾಲೂ ಮಾಡಿ ನೋಡಿ. ಆಗ ಹಾರ್ಡ್ ಡಿಸ್ಕಿನಲ್ಲಿರುವ ಯಾವುದೂ ಬದಲಾಗುವುದಿಲ್ಲ. ವೈಫೈ, ಧ್ವನಿ ಮತ್ತು ಮುಖ್ಯವಾಗಿ ಪ್ರಿಂಟರ್ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸಿ. ಎಚ್‌ಪಿ ಪ್ರಿಂಟರುಗಳು ಹೆಚ್ಚಾಗಿ ಸುಲಭವಾಗಿ ಕೂಡಿಕೊಳ್ಳುತ್ತವೆ. ನಮ್ಮ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಕ್ಯಾನನ್ ಎಲ್‌ಬಿಪಿ 2900ಕ್ಕೆ ಪ್ರತ್ಯೇಕ ಚಾಲಕ ತಂತ್ರಾಂಶ ಬೇಕಾಗುವುದರಿಂದ ಕೂಡಿಸುವುದು ತೊಡಕಿನ ಕೆಲಸ. ಅಳವಡಿಸುವಾಗ ಇಡೀ ಡಿಸ್ಕನ್ನು ಅಳಿಸುವ ಆಯ್ಕೆಯನ್ನು ಒತ್ತಿದರೆ ಸಿ ಮಾತ್ರವಲ್ಲ, ಡಿ ಡ್ರೈವ್‌ನಲ್ಲಿರುವುದೂ ಹೋಗುತ್ತದೆ. ಆದ್ದರಿಂದ ಎಲ್ಲ ಕಡತಗಳ ನಕಲು ಮೊದಲೇ ಹೊರಗಿನ ಡಿಸ್ಕಿನಲ್ಲಿರಲಿ. ಹಣ ಖರ್ಚು ಮಾಡುವ ಮನಸ್ಸಿದ್ದರೆ ಹಳೆಯ ಹಾರ್ಡ್ ಡಿಸ್ಕಿನ ಬದಲಿಗೆ, ತಿರುಗುವ ಭಾಗಗಳಿಲ್ಲದ ವೇಗದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿ ಹಾಕಿಸಿ. ಅದರಿಂದ ಸಿಗುವ ವೇಗ ಯಾವ ಲಿನಕ್ಸ್ ಬದಲಿಸಿದರೂ ಸಿಗುವುದಿಲ್ಲ.

ಪ್ರಶ್ನೆ: ನನ್ನದು ಕೋರ್ 2 ಡ್ಯುಯೊ, 2 ಜಿಬಿ ರ‍್ಯಾಮ್. 32 ಬಿಟ್‌ನ ವಿಂಡೋಸ್ 7 ಇದೆ. 32 ಬಿಟ್ ಲಿನಕ್ಸ್ ಈಗ ಸಿಗುವುದಿಲ್ಲವಂತೆ, ಏನು ಮಾಡಲಿ?
– ಓದುಗರು, ಚಳ್ಳಕೆರೆ

ಉತ್ತರ: ವಿಂಡೋಸ್ 32 ಬಿಟ್ ಇದ್ದ ಮಾತ್ರಕ್ಕೆ ಪ್ರೊಸೆಸರ್ ಕೂಡ 32 ಬಿಟ್ ಎಂದಲ್ಲ. 32, 64 ಬಿಟ್ ಎಂಬುದು ಪ್ರೊಸೆಸರ್ ಒಮ್ಮೆಗೆ ಸಂಸ್ಕರಿಸುವ ಮಾಹಿತಿಯ ಅಳತೆ. ಕೋರ್ 2 ಡ್ಯುಯೊ 64 ಬಿಟ್ ಪ್ರೊಸೆಸರ್. ಆ ಕಾಲದಲ್ಲಿ ರ‍್ಯಾಮ್ ಕಡಿಮೆ ಇದ್ದುದರಿಂದ ಹಲವರು 32 ಬಿಟ್ ವಿಂಡೋಸ್ ಹಾಕಿಸಿಕೊಳ್ಳುತ್ತಿದ್ದರು. ಲಿನಕ್ಸಿನ ಇನ್ನೊಂದು ರೂಪವಾದ ಡೆಬಿಯನ್ 13ರಲ್ಲಿ 32 ಬಿಟ್ ಯಂತ್ರಗಳಿಗೆ ಅಳವಡಿಕೆಯ ಪ್ರತಿ ಇಲ್ಲ ಎಂಬುದು ನಿಜವಾದರೂ ಅದು ತಮಗೆ ಅಡ್ಡಿಯಾಗದು. ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರ ಪರದೆಯೊಂದಿಗೆ 64 ಬಿಟ್ ಡೆಬಿಯನ್ ಹಾಕಿಸಬಹುದು. ಬ್ರೌಸರಿನಲ್ಲಿ ಒಮ್ಮೆಗೆ ಎರಡು ಮೂರು ಪುಟಕ್ಕಿಂತ ಹೆಚ್ಚು ತೆರೆದರೆ ಯಂತ್ರ ಉಸಿರುಕಟ್ಟುತ್ತದೆ. ಸಾಧ್ಯವಾದರೆ ಇನ್ನೊಂದು 2 ಜಿಬಿ ರ‍್ಯಾಮ್ ಸೇರಿಸಿ. ಕೊಳ್ಳುವಾಗ ಹಳೆಯ ರ‍್ಯಾಮನ್ನು ಬಿಚ್ಚಿಕೊಂಡು ಹೋಗಿ, ಅದು ಡಿಡಿಆರ್2 ಇದೆಯೋ ಡಿಡಿಆರ್3 ಇದೆಯೋ ಎಂದು ನೋಡಿಸಿ ಕೊಳ್ಳಿ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.