ಪ್ರಶ್ನೆ ಪೆಟ್ಟಿಗೆ ಇಟ್ಟರೂ ಮಕ್ಕಳು ಏನೂ ಕೇಳುತ್ತಿಲ್ಲ, ಏಕೆ?

ಪ್ರೌಢಶಾಲೆಯಲ್ಲಿ ದೇಹ, ಸಂಬಂಧಗಳ ಪಾಠ ಮಾಡುವಾಗ, ಹೆಸರು ಬರೆಯದೆ ಪ್ರಶ್ನೆಯ ಚೀಟಿ ಹಾಕುವ ಪೆಟ್ಟಿಗೆ ಇಟ್ಟರಷ್ಟೇ ಸಾಲದು. ಬರೆಯುವವರು ಇಬ್ಬರೇ ಆದರೆ ಅವರು ಯಾರೆಂದು ಇಡೀ ತರಗತಿಗೆ ಗೊತ್ತಾಗಿಬಿಡುತ್ತದೆ. ಮಕ್ಕಳು ಹಿಂಜರಿಯುವುದು ಅದಕ್ಕೇ. ಎಲ್ಲರಿಗೂ ಒಂದೇ ಅಳತೆಯ ಚೀಟಿ ಕೊಡಿ. ಪ್ರಶ್ನೆ ಇಲ್ಲದವರು ಇಂದಿನ ಪಾಠದ ಬಗ್ಗೆ ಎರಡು ಸಾಲು ಬರೆಯಲಿ, ಆಗ ಎಲ್ಲರ ಪೆನ್ನೂ ಓಡುತ್ತಿರುತ್ತದೆ.

ಚೀಟಿಯನ್ನು ತರಗತಿಯಲ್ಲೇ ಬಿಚ್ಚಿ ಓದಬೇಡಿ. ಅದೇ ದಿನ ಒಬ್ಬರೇ ಕುಳಿತು ಓದಿ, ಮುಂದಿನ ತರಗತಿಯಲ್ಲಿ ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಹೇಳಿ ಉತ್ತರಿಸಿ. ಇದ್ದಂತೆಯೇ ಓದಿದರೆ ಬರೆದ ಧಾಟಿಯಿಂದಲೇ ಗೆಳೆಯರು ಗುರುತು ಹಿಡಿಯುತ್ತಾರೆ.

ಎಲ್ಲಕ್ಕಿಂತ ಮುಖ್ಯವಾಗಿ, ಪೂರ್ತಿ ಗುಟ್ಟಾಗಿಡುತ್ತೇನೆಂದು ಮಾತು ಕೊಡಲೇಬೇಡಿ. ‘ಯಾರಾದರೂ ಅಪಾಯದಲ್ಲಿದ್ದಾರೆ ಅನ್ನಿಸಿದರೆ ಸಹಾಯ ಮಾಡಬಲ್ಲವರಿಗೆ ತಿಳಿಸುತ್ತೇನೆ’ ಎಂದು ಚೀಟಿ ಹಂಚುವ ಮೊದಲೇ ಹೇಳಿ. ಅಂಥ ಚೀಟಿ ಸಿಕ್ಕರೆ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ಅಂದೇ ಮುಟ್ಟಿಸಿ.