ಗಂಡನ ಕೆಲಸ ಹೋಯಿತು, ಕಂತು ನಿಂತಿಲ್ಲ

ಪ್ರಶ್ನೆ: ಮೇಡಂ, ನಮ್ಮ ಯಜಮಾನರು ಪೀಣ್ಯದ ಒಂದು ಕಾರ್ಖಾನೆಯಲ್ಲಿ 11 ವರ್ಷ ದುಡಿದರು. ಎರಡು ತಿಂಗಳ ಹಿಂದೆ ಅವರ ವಿಭಾಗವನ್ನೇ ಮುಚ್ಚಿದರು. 38,000 ಸಂಬಳ ನಿಂತುಹೋಯಿತು. ನಾನು ಇಲ್ಲಿ ಖಾಸಗಿ ಶಾಲೆಯಲ್ಲಿ ಟೀಚರ್, ಕೈಗೆ 16,000 ಬರುತ್ತದೆ. ಮನೆ ಸಾಲ ಇನ್ನೂ 12 ಲಕ್ಷ, 11 ವರ್ಷ ಬಾಕಿ, ಕಂತು 14,400. ಕ್ರೆಡಿಟ್ ಕಾರ್ಡಿಗೆ 94,000 ಕೊಡಬೇಕು. ‘ಮಿನಿಮಮ್’ ಮಾತ್ರ ಕಟ್ಟುತ್ತಿದ್ದೇವೆ. ಚಿಕ್ಕಪ್ಪನವರ ಹತ್ತಿರ 60,000 ಕೈಸಾಲ. ಪಿಎಫ್‌ನ ಮೂರೂವರೆ ಲಕ್ಷವನ್ನೆಲ್ಲ ತೆಗೆದು ಮನೆ ಸಾಲಕ್ಕೆ ಹಾಕಿಬಿಡೋಣ ಅನ್ನುತ್ತಾರೆ ಇವರು. ನಾನು ಬಳೆ ಅಡವಿಡೋಣ ಅಂತಿದ್ದೇನೆ. ಯಾರಿಗೂ ಗೊತ್ತಾಗಬಾರದೆಂದು ಇವರು ಈಗಲೂ ಡಬ್ಬಿ ಕಟ್ಟಿಸಿಕೊಂಡು ಬೆಳಗಿನ ರೈಲಿಗೆ ಹೋಗುತ್ತಾರೆ. ಏನು ಮಾಡಲಿ?
— ಹೆಸರು ಬೇಡ, ತುಮಕೂರು

ಉತ್ತರ: ತಂಗಿ, ಪಿಎಫ್ ದುಡ್ಡನ್ನು ಮನೆ ಸಾಲಕ್ಕೆ ಖಂಡಿತ ಹಾಕಬೇಡಿ. ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತು ಎಷ್ಟೋ ಮನೆಗಳಲ್ಲಿ ಇದೇ ಆಗುವುದನ್ನು ನೋಡಿದ್ದೇನೆ. ಮೂರೂವರೆ ಲಕ್ಷ ಕಟ್ಟಿದರೆ ಸಾಲದ ಮೊತ್ತ ಇಳಿಯುತ್ತದೆ, ನಿಜ. ಆದರೆ ನೀವು ಬೇರೆ ಹೇಳದಿದ್ದರೆ ಬ್ಯಾಂಕು ಸಾಮಾನ್ಯವಾಗಿ ವರ್ಷಗಳನ್ನು ಕಡಿಮೆ ಮಾಡುತ್ತದೆ, ಕಂತನ್ನಲ್ಲ. ಮುಂದಿನ ತಿಂಗಳು ಮತ್ತೆ ಅದೇ 14,400 ಕೇಳುತ್ತದೆ, ಆಗ ನಿಮ್ಮ ಕೈಯಲ್ಲಿ ಬಿಡಿಗಾಸೂ ಇರುವುದಿಲ್ಲ. ಕಟ್ಟಿದ ದುಡ್ಡನ್ನು ಬ್ಯಾಂಕು ವಾಪಸ್ ಕೊಡುವುದಿಲ್ಲ.

ಈಗ ಬೇಕಿರುವುದು ಕಂತು ಇಳಿಸುವುದು. ಒಂದು ಕಂತೂ ತಪ್ಪುವ ಮೊದಲೇ ಇಬ್ಬರೂ ಶಾಖೆಗೆ ಹೋಗಿ. ಕೆಲಸದಿಂದ ತೆಗೆದ ಪತ್ರ, ನಿಮ್ಮ ಸಂಬಳದ ಚೀಟಿ ಜೊತೆಗಿರಲಿ. ಸಾಲದ ಅವಧಿಯನ್ನು 18 ವರ್ಷಕ್ಕೆ ವಿಸ್ತರಿಸಿ ಎಂದು ಅರ್ಜಿ ಬರೆದುಕೊಡಿ. ಬಡ್ಡಿ ಶೇ. 9ರಷ್ಟಿದ್ದರೆ ಕಂತು 11,200ರ ಆಸುಪಾಸಿಗೆ ಬರುತ್ತದೆ. ಒಟ್ಟು ಬಡ್ಡಿ ಹೆಚ್ಚಾಗುತ್ತದೆ, ಗೊತ್ತು. ಅವರಿಗೆ ಕೆಲಸ ಸಿಕ್ಕ ಮೇಲೆ ಹೆಚ್ಚು ಕಟ್ಟಿ ತೀರಿಸಬಹುದು. ಬಡ್ಡಿ ದರ ಬದಲಾಗುವ ಮನೆ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲ. ಬಾಕಿ 90 ದಿನ ದಾಟಿದರೆ ಮಾತ್ರ ಸಾಲ ‘ಎನ್‌ಪಿಎ’, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಆಮೇಲೆ ಬಾಕಿ ಕಟ್ಟಿ ಎಂದು 60 ದಿನದ ನೋಟಿಸು ಬರುತ್ತದೆ. ಅಲ್ಲಿವರೆಗೆ ಹೋಗಲು ಬಿಡಬೇಡಿ.

ನಿಮ್ಮ ಪತ್ರದಲ್ಲಿ ಗ್ರಾಚ್ಯುಟಿಯ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಸೇವಾ ಹಣದ, ಸುದ್ದಿಯೇ ಇಲ್ಲವಲ್ಲ? 5 ವರ್ಷ ಮೀರಿ ದುಡಿದವರಿಗೆ ಅದು ಹಕ್ಕು. ಮೂಲ ವೇತನ, ಡಿಎ (ತುಟ್ಟಿಭತ್ಯೆ) ಸೇರಿ 20,800 ಇತ್ತು ಎಂದುಕೊಳ್ಳಿ. ಅದನ್ನು ತಿಂಗಳ ಕೆಲಸದ ದಿನಗಳಾದ 26ರಿಂದ ಭಾಗಿಸಿದರೆ ದಿನಕ್ಕೆ 800, ವರ್ಷಕ್ಕೆ 15 ದಿನದಂತೆ 12,000, 11 ವರ್ಷಕ್ಕೆ 1,32,000. 30 ದಿನದೊಳಗೆ ಕೊಡಬೇಕಿತ್ತು, ತಡವಾದರೆ ಬಡ್ಡಿ ಸೇರಿಸಿ. ಕಂಪನಿಗೆ ಇವತ್ತೇ ಬರೆದು ಕೇಳಿ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ.

ಆ ದುಡ್ಡಿನಲ್ಲಿ ಮೊದಲು ಕಾರ್ಡು ತೀರಿಸಿ. ತಿಂಗಳಿಗೆ ಶೇ. 3.5 ಬಡ್ಡಿ ಎಂದರೆ 94,000ಕ್ಕೆ 3,290, ಮೇಲೆ ಜಿಎಸ್‌ಟಿ. ನೀವು ‘ಮಿನಿಮಮ್’ ಎಂದು ಕಟ್ಟುವ 4,700ರಲ್ಲಿ ಅಸಲಿಗೆ ಹೋಗುವುದು ಎಂಟು ನೂರು ರೂಪಾಯಿಯಷ್ಟೇ! ಆ ಕಾರ್ಡಿನಲ್ಲಿ ಇನ್ನು ಒಂದು ಸೇರು ಅಕ್ಕಿಯನ್ನೂ ಕೊಳ್ಳಬೇಡಿ.

ಗ್ರಾಚ್ಯುಟಿ ತಡವಾದರೆ ಬಳೆಯ ವಿಚಾರ. ಅಡವಿಡಬೇಡಿ, ಒಂದು ಬಳೆ ಮಾರಿ. ಬೇಸರವಾಗುತ್ತದೆ ಎಂದು ಗೊತ್ತು, ಬಹುಶಃ ತವರಿನವರು ಕೊಟ್ಟದ್ದು. ಆದರೆ ಬಿಡಿಸಿಕೊಳ್ಳುವ ಆದಾಯ ಕಾಣದಿರುವಾಗ ಅಡವಿಟ್ಟರೆ ಸಾಲದ ಪಟ್ಟಿಗೆ ಇನ್ನೊಂದು ಸಾಲ ಸೇರುತ್ತದೆ. ಬಡ್ಡಿ ಬೆಳೆದು ಕೊನೆಗೆ ಹರಾಜಿನಲ್ಲಿ ಬಳೆಯೂ ಹೋಗುವುದನ್ನು ನಾನು ನೋಡಿದ್ದೇನೆ. ಮಾರಿದರೆ ದುಡ್ಡು ಇವತ್ತೇ ಕೈಗೆ ಬರುತ್ತದೆ. ಮಾಂಗಲ್ಯದ ಸರದ ತಂಟೆಗೆ ಹೋಗಬೇಡಿ, ಅಷ್ಟು ದೂರ ಹೋಗುವ ಪರಿಸ್ಥಿತಿ ನಿಮ್ಮದಲ್ಲ. ಮೊಬೈಲ್ ಆ್ಯಪ್ ಸಾಲದ ಹತ್ತಿರವೂ ಸುಳಿಯಬೇಡಿ.

ಪಿಎಫ್‌ನಿಂದ ಒಂದೂವರೆ ಲಕ್ಷದಷ್ಟು ತೆಗೆದುಕೊಳ್ಳಿ. 5 ವರ್ಷ ಮೀರಿದ ಸೇವೆಯಾದ್ದರಿಂದ ತೆರಿಗೆ ಬೀಳುವುದಿಲ್ಲ. ಕಾರ್ಡು ಕೊಟ್ಟ ಬ್ಯಾಂಕಿನ ಖಾತೆಯಲ್ಲಿ ಮಾತ್ರ ಇಡಬೇಡಿ. ಬಾಕಿ ಉಳಿದರೆ ಅವರು ಅದನ್ನೇ ಮುರಿದುಕೊಳ್ಳುವ ಸಾಧ್ಯತೆ ಇರುತ್ತದೆ. ನಿಮ್ಮ ಹೆಸರಿನ ಬೇರೆ ಖಾತೆಯಲ್ಲಿಟ್ಟು ತಿಂಗಳಿಗೆ 10,000ದಂತೆ ಮನೆಗೆ ಬಳಸಿ. ಒಂದು ವರ್ಷ ದಾಟುತ್ತದೆ. ಉಳಿದದ್ದು ಪಿಎಫ್‌ನಲ್ಲೇ ಇರಲಿ.

ಇನ್ನು ಆ ಡಬ್ಬಿಯ ಮಾತು. ಓದುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಅವರನ್ನು ಬೈಯಬೇಡಿ. ಬೀದಿಗೆಲ್ಲ ಹೇಳಬೇಕಿಲ್ಲ, ಆದರೆ ಪರಿಚಯದವರಿಗೆ ಗೊತ್ತಾಗದೆ ಇನ್ನೊಂದು ಕಡೆ ಕೆಲಸದ ಸುಳಿವು ಎಲ್ಲಿಂದ ಬರಬೇಕು? ಚಿಕ್ಕಪ್ಪನವರಿಗೂ ಅವರೇ ಹೋಗಿ ಹೇಳಲಿ, ನೀವು ಜೊತೆಗಿರಿ. ತಿಂಗಳಿಗೆ 1,000 ಕೊಡುತ್ತೇವೆ, ಕೆಲಸ ಸಿಕ್ಕ ಮೇಲೆ ಜಾಸ್ತಿ ಮಾಡುತ್ತೇವೆ ಎಂದರೆ ಬಹಳಷ್ಟು ಹಿರಿಯರು ಒಪ್ಪುತ್ತಾರೆ. ಬೇರೆಯವರ ಬಾಯಿಂದ ಕೇಳಿದರೆ ಮಾತ್ರ ಮುನಿಸಿಕೊಳ್ಳುತ್ತಾರೆ.

ವಸೂಲಿಯವರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ, ಇದು ರಿಸರ್ವ್ ಬ್ಯಾಂಕ್ ನಿಯಮ. ಬ್ಯಾಂಕಿನಲ್ಲಿ ‘ಆಗೋದಿಲ್ಲ’ ಎಂದು ಬಾಯಿಮಾತಿನಲ್ಲಿ ಕಳಿಸಿದರೆ ಅರ್ಜಿಯ ಪ್ರತಿಗೆ ಮೊಹರು ಹಾಕಿಸಿಕೊಂಡೇ ಬನ್ನಿ, ಲಿಖಿತ ದೂರನ್ನೂ ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿಗೆ, ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.