ಅಂಡಮಾನಿನ ಸ್ಕೂಬಾ ಪ್ರವಾಸ: ಮೊದಲು ಕಿವಿ, ಆಮೇಲೆ ಕಡಲು

ಸವಿತಾ ಅವರೇ, ನಮಸ್ಕಾರ. ಡಿಸೆಂಬರ್ ರಜೆಯಲ್ಲಿ ಅಂಡಮಾನಿಗೆ ಏಳು ದಿನ. ನೀವು, ಯಜಮಾನರು, ಹನ್ನೊಂದು ವರ್ಷದ ಮಗ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವ ಅರವತ್ತೆರಡರ ಅತ್ತೆಯವರು. ಐದು ದ್ವೀಪ ನೋಡಬೇಕು, ಮೂವರೂ ಸ್ಕೂಬಾ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಮುಳುಗುವುದು) ಕಲಿಯಬೇಕು, ಏಳನೆಯ ದಿನ ಬೆಳಿಗ್ಗೆ ಇನ್ನೊಂದು ಡೈವ್ ಮಾಡಿ ಮಧ್ಯಾಹ್ನದ ವಿಮಾನ ಹತ್ತಬೇಕು. ಈಜು ಅಷ್ಟಾಗಿ ಬರುವುದಿಲ್ಲ, ನಿಮಗೆ ಕನ್ನಡಕವಿದೆ, ಅಭ್ಯಾಸಕ್ಕೆ ಮೊದಲು ಗೋವಾದಲ್ಲಿ ಒಂದು ದಿನ ಮುಳುಗಿ ಬಂದರೆ ಸಾಕೇ ಎಂದು ಕೇಳಿದ್ದೀರಿ. ನಾನು ಪುಣೆಯ ಹಡಪಸರದಲ್ಲಿದ್ದೇನೆ. ಮಾಲವಣ, ಗೋವಾ, ಮುರುಡೇಶ್ವರದ ಬಳಿಯ ನಮ್ಮ ನೇತ್ರಾಣಿ ದ್ವೀಪ, ಅಂಡಮಾನಿನ ಹ್ಯಾವ್ಲಾಕ್ ದ್ವೀಪ ನಾಲ್ಕೂ ಕಡೆ ನೀರಿಗಿಳಿದಿದ್ದೇನೆ. ಉತ್ತರ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಎಲ್ಲಕ್ಕಿಂತ ಮೊದಲು ಆ ಏಳನೆಯ ದಿನದ ಡೈವ್ ಅಳಿಸಿಬಿಡಿ. ಸಿಲಿಂಡರಿನಲ್ಲಿ ಇರುವುದು ಬರೀ ಆಮ್ಲಜನಕವಲ್ಲ, ನಾವು ದಿನವೂ ಉಸಿರಾಡುವ ಗಾಳಿಯೇ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಸಾರಜನಕ. ಆಳದ ಒತ್ತಡದಲ್ಲಿ ಈ ಸಾರಜನಕ ರಕ್ತದಲ್ಲಿ, ಮಾಂಸಖಂಡದಲ್ಲಿ ಕರಗಿ ಕೂರುತ್ತದೆ, ಮೇಲೆ ಬಂದ ಮೇಲೆ ನಿಧಾನವಾಗಿ ಉಸಿರಿನಲ್ಲಿ ಹೊರಬೀಳುತ್ತದೆ. ಗೋಲಿಸೋಡಾದ ಗೋಲಿ ಒತ್ತಿದೊಡನೆ ಬುಸ್ಸೆಂದು ಗುಳ್ಳೆ ಏಳುವುದನ್ನು ನೋಡಿದ್ದೀರಲ್ಲ, ಒತ್ತಡ ಥಟ್ಟನೆ ಇಳಿದರೆ ಮೈಯೊಳಗೂ ಹಾಗೆಯೇ ಗುಳ್ಳೆ ಏಳಬಹುದು. ವಿಮಾನದೊಳಗಿನ ಒತ್ತಡ ಕಡಲ ಮಟ್ಟಕ್ಕಿಂತ ತಗ್ಗು, ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ನೆತ್ತಿಯ ಮೇಲಿನಷ್ಟು ಇರುತ್ತದೆ. ಒಂದೇ ಡೈವ್ ಮಾಡಿದ್ದರೆ ವಿಮಾನಕ್ಕೆ ಮೊದಲು ಕನಿಷ್ಠ 12 ಗಂಟೆ, ಹಲವು ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಬಿಡಬೇಕೆಂಬುದು ನಿಯಮ. ನಾನು ಇಪ್ಪತ್ತನಾಲ್ಕು ಗಂಟೆ ಬಿಡುತ್ತೇನೆ, ನಿಮಗೂ ಅದನ್ನೇ ಹೇಳುತ್ತೇನೆ. ಆ ಒಂದು ದಿನವನ್ನು ಅತ್ತೆಯವರಿಗೆ ಕೊಡಿ. ಪೋರ್ಟ್ ಬ್ಲೇರ್‌ನಲ್ಲಿ ಸೆಲ್ಯುಲರ್ ಜೈಲನ್ನು ಅವಸರವಿಲ್ಲದೆ ತೋರಿಸಿ. ಊರಿಗೆ ಈಗ ಶ್ರೀ ವಿಜಯಪುರಂ ಎಂಬ ಹೆಸರಿದೆ, ಹ್ಯಾವ್ಲಾಕ್‌ಗೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ. ಟಿಕೆಟ್ಟಿನಲ್ಲಿ ಯಾವ ಹೆಸರಿದ್ದರೂ ಗೊಂದಲಪಡಬೇಡಿ.

ಐದು ದ್ವೀಪ ಬೇಡ. ಪುಣೆಯಿಂದ ಹೋಗುವಾಗ ಒಂದು ದಿನ, ಬರುವಾಗ ಒಂದು ದಿನ ಪ್ರಯಾಣಕ್ಕೇ ಹೋಗುತ್ತದೆ. ಪೋರ್ಟ್ ಬ್ಲೇರ್‌ನಿಂದ ಹ್ಯಾವ್ಲಾಕ್‌ಗೆ ದೋಣಿಯಲ್ಲಿ ಎರಡು, ಎರಡೂವರೆ ಗಂಟೆ. ಅಲ್ಲಿ ನಾಲ್ಕು ರಾತ್ರಿ ಒಂದೇ ಕಡೆ ಇರಿ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಬೆಳಕು ಹರಿಯುವುದೂ ಬೇಗ. ಡೈವ್ ದೋಣಿಗಳು ಬೆಳಿಗ್ಗೆಯೇ ಹೊರಡುತ್ತವೆ.

ಇನ್ನು ಕಲಿಯುವ ವಿಷಯ. ಅರ್ಧ ದಿನದ ‘ಅನುಭವ ಡೈವ್’ ಬೇರೆ, ಪೂರ್ತಿ ತರಬೇತಿ ಬೇರೆ. ಮೊದಲನೆಯದರಲ್ಲಿ ಈಜು ಬಾರದಿದ್ದರೂ ನಡೆಯುತ್ತದೆ, ತರಬೇತುದಾರರು ಹಿಡಿದುಕೊಂಡೇ ಇರುತ್ತಾರೆ, 12 ಮೀಟರ್‌ಗಿಂತ ಕೆಳಗೆ ಒಯ್ಯುವಂತಿಲ್ಲ. ಎರಡನೆಯದು ಓಪನ್ ವಾಟರ್ ಕೋರ್ಸ್: ಮೂರು, ನಾಲ್ಕು ದಿನ, ಸಮುದ್ರದಲ್ಲಿ ನಾಲ್ಕು ಡೈವ್, 18 ಮೀಟರ್‌ವರೆಗೆ ಹೋಗುವ ಅರ್ಹತೆ. ಅದಕ್ಕೆ 200 ಮೀಟರ್ ಈಜಬೇಕು, ಹತ್ತು ನಿಮಿಷ ತೇಲಬೇಕು. ವೇಗ ಯಾರೂ ಕೇಳುವುದಿಲ್ಲ. ಹತ್ತು ತುಂಬಿದ ಮಕ್ಕಳಿಗೂ ಅವಕಾಶವಿದೆ, ಆದರೆ ನಿಮ್ಮ ಮಗನ ವಯಸ್ಸಿಗೆ 12 ಮೀಟರೇ ಮಿತಿ. ಡಿಸೆಂಬರಿಗೆ ಇನ್ನೂ ಮೂರು ತಿಂಗಳಿದೆ. ನಿಮ್ಮ ಪಿಂಪ್ರಿ-ಚಿಂಚವಡ ಪಾಲಿಕೆಯ ಈಜುಕೊಳಕ್ಕೆ ಮೂವರೂ ನಾಳೆಯಿಂದಲೇ ಹೋಗಿ. ಈಜು ಬಂದರೆ ಕೋರ್ಸ್ ಮಾಡಿ, ಬಾರದಿದ್ದರೆ ಅನುಭವ ಡೈವ್ ಎರಡು ಸಲ ಮಾಡಿ. ಅದರಲ್ಲಿ ಕಡಿಮೆ ಎನ್ನುವಂಥದ್ದು ಏನೂ ಇಲ್ಲ.

ಗೋವಾದ ಬಗ್ಗೆ ನನ್ನ ಅನುಭವವನ್ನೇ ಹೇಳುತ್ತೇನೆ. ನನ್ನ ಮೊದಲ ಡೈವ್ ವಾಸ್ಕೋದ ಆಚೆಗಿನ ಗ್ರಾಂಡೆ ದ್ವೀಪದಲ್ಲಿ. ದೋಣಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ, ಐದು ನಿಮಿಷದ ಪಾಠ. ನನ್ನನ್ನು ಇಳಿಸಿದಾತ ಬೆನ್ನಿನ ಸಿಲಿಂಡರ್ ಹಿಡಿದು ಒಂದೇ ಸಮನೆ ಕೆಳಗೆ ಒತ್ತಿದ. ಹಸಿರು ಮಬ್ಬಿನಲ್ಲಿ ಚಾಚಿದ ಕೈಯಾಚೆ ಏನೂ ಕಾಣಿಸುತ್ತಿರಲಿಲ್ಲ. ಎರಡು ಮೀಟರ್ ಇಳಿಯುವಷ್ಟರಲ್ಲಿ ಎಡಗಿವಿಯಲ್ಲಿ ಸೂಜಿ ಚುಚ್ಚಿದಂತಾಯಿತು. ಕಿವಿ ತೋರಿಸಿ ಕೈ ಆಡಿಸಿದೆ, ಆತ ಅದನ್ನು ‘ಚೆನ್ನಾಗಿದೆ’ ಎಂದು ತಿಳಿದ. ಹದಿನೈದು ದಿನ ಆ ಕಿವಿ ನೀರು ತುಂಬಿದ ಬಿಂದಿಗೆಯಂತೆ ಗುಂಯ್‌ಗುಟ್ಟುತ್ತಿತ್ತು. ತಪ್ಪು ಗೋವಾದ ಸಮುದ್ರದ್ದಲ್ಲ, ಅವಸರದ್ದು. ಗೋವಾಕ್ಕೆ ಹೋಗುವುದಾದರೆ ಒಬ್ಬ ತರಬೇತುದಾರನಿಗೆ ಎಷ್ಟು ಜನ ಎಂದು ಮೊದಲೇ ಕೇಳಿ. ಆಯ್ಕೆ ನನ್ನದಾದರೆ ಮಡಗಾಂವ್‌ನಿಂದ ಕೊಂಕಣ ರೈಲು ಹತ್ತಿ ಮುರುಡೇಶ್ವರಕ್ಕೆ ಹೋಗುತ್ತೇನೆ. ನೇತ್ರಾಣಿಯ ನೀರು ಎಷ್ಟೋ ತಿಳಿ.

ಕಿವಿಯ ಲೆಕ್ಕ ಹೀಗಿದೆ. ಖಂಡಾಳಾ ಘಾಟ್ ಇಳಿಯುವಾಗ ಕಿವಿ ಕಟ್ಟುತ್ತದಲ್ಲವೇ? ಅಷ್ಟೂ ಘಾಟ್ ಇಳಿದಾಗ ಏರುವ ಒತ್ತಡ ಸಮುದ್ರದಲ್ಲಿ ಒಂದು ಮೀಟರ್ ಇಳಿಯುವ ಮೊದಲೇ ಏರಿಬಿಡುತ್ತದೆ. ಹತ್ತು ಮೀಟರ್‌ಗೆ ಒತ್ತಡ ಇಮ್ಮಡಿ. ಆದ್ದರಿಂದ ಎರಡು ಬೆರಳಿನಿಂದ ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಬೇಕು. ಎರಡೂ ಕಿವಿಯಲ್ಲಿ ‘ಟಪ್’ ಎಂದರೆ ಸರಿಯಾಯಿತು. ನೋವು ಬರುವ ಮುಂಚೆಯೇ, ಮೊಳಕ್ಕೊಮ್ಮೆ ಮಾಡುತ್ತಾ ಇಳಿಯಬೇಕು. ಕಿವಿ ಬಿಡದಿದ್ದರೆ ಜೋರಾಗಿ ಊದಬೇಡಿ, ಅರ್ಧ ಮೀಟರ್ ಮೇಲೇರಿ ಮತ್ತೆ ಪ್ರಯತ್ನಿಸಿ. ಇದನ್ನು ಮನೆಯಲ್ಲಿ ಕುಳಿತೇ ರೂಢಿ ಮಾಡಿಕೊಳ್ಳಬಹುದು, ಮಗನಿಗೂ ಕಲಿಸಿ. ಶೀತವಾಗಿದ್ದರೆ ಡೈವ್ ರದ್ದು ಮಾಡಿ. ಮೂಗಿನ ಹನಿ ಹಾಕಿಕೊಂಡು ಇಳಿದರೆ ನೀರಿನೊಳಗೇ ಅದರ ಪ್ರಭಾವ ಇಳಿದು, ಮೇಲೆ ಬರುವಾಗ ಗಾಳಿ ಸಿಕ್ಕಿಕೊಳ್ಳಬಹುದು.

ಇನ್ನೊಂದು ನಿಯಮಕ್ಕೆ ವಿನಾಯಿತಿಯೇ ಇಲ್ಲ: ನೀರೊಳಗೆ ಉಸಿರು ಕಟ್ಟಬಾರದು. ಹತ್ತು ಮೀಟರ್ ಆಳದಲ್ಲಿ ತುಂಬಿಕೊಂಡ ಉಸಿರು ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ, ಶ್ವಾಸಕೋಶ ಅದನ್ನು ತಡೆಯದು. ಈಜುಕೊಳದಲ್ಲಿ ಮಕ್ಕಳು ಉಸಿರು ಕಟ್ಟುವುದನ್ನೇ ಕಲಿತಿರುತ್ತಾರೆ, ಹಾಗಾಗಿ ಮಗನಿಗೆ ಇದನ್ನು ಹತ್ತು ಸಲ ಹೇಳಿ. ನೀರೊಳಗೆ ಮಾತೆಲ್ಲ ಕೈಸನ್ನೆಯಲ್ಲಿ: ಹೆಬ್ಬೆರಳು ಎತ್ತಿದರೆ ಅಲ್ಲಿ ‘ಮೇಲೆ ಹೋಗೋಣ’ ಎಂದರ್ಥ. ‘ಸರಿಯಿದ್ದೇನೆ’ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು.

ಇಷ್ಟೆಲ್ಲ ಎಚ್ಚರಿಕೆ ಏಕೆಂದರೆ, ಸಮಾಧಾನವಾಗಿ ಇಳಿದವರಿಗೆ ಮಾತ್ರ ಸಿಗುವ ಸುಖ ಒಂದಿದೆ. ಹ್ಯಾವ್ಲಾಕ್‌ನಲ್ಲಿ ನನ್ನ ತರಬೇತುದಾರ್ತಿ ಮೊದಲ ದಿನ ದಡದಿಂದ ನಡೆಸಿಕೊಂಡು ಹೋಗಿ, ಎದೆಮಟ್ಟದ ನೀರಿನಲ್ಲಿ ಅರ್ಧ ಗಂಟೆ ಬರೀ ಉಸಿರಾಡಿಸಿದರು. ಎರಡನೆಯ ದಿನ ಎಂಟು ಮೀಟರ್ ಆಳದಲ್ಲಿ ಮರಳಿನ ಮೇಲೆ ಮೊಣಕಾಲೂರಿ ಕುಳಿತಿದ್ದಾಗ ಖಡಕ್ ರೊಟ್ಟಿ ಮುರಿದಂತೆ ಕರಕರ ಸದ್ದು. ನೀರಿನಲ್ಲಿ ಸದ್ದು ನಾಲ್ಕು ಪಟ್ಟು ವೇಗವಾಗಿ ಬರುವುದರಿಂದ ಯಾವ ಕಡೆಯಿಂದ ಎಂದು ತಿಳಿಯುವುದಿಲ್ಲ. ಸುತ್ತ ತಿರುಗಿ ನೋಡಿದರೆ ನೀಲಿ-ಹಸಿರು ಗಿಳಿಮೀನೊಂದು ಸತ್ತ ಹವಳವನ್ನು ಕೊಕ್ಕಿನಿಂದ ಕೆರೆದು ಪಾಚಿ ತಿನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಅದರ ಹಿಂದೆ ಬಿಳಿ ಪುಡಿಯ ಸಣ್ಣ ಮೋಡ ಬಿತ್ತು. ನುಂಗಿದ ಹವಳ ಮರಳಾಗಿ ಹೊರಬಂದಿತ್ತು. ಅಂಥ ದ್ವೀಪಗಳ ಬೆಳ್ಳನೆಯ ಮರಳಿನಲ್ಲಿ ಈ ಮೀನಿನ ಪಾಲು ದೊಡ್ಡದು. ಅದು ದೂರ ಹೋಗುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.

ಹವಳವನ್ನು ಮುಟ್ಟಬೇಡಿ, ಅದರ ಮೇಲೆ ನಿಲ್ಲಬೇಡಿ. 1998ರಲ್ಲಿ, 2010ರಲ್ಲಿ ಕಡಲು ಬಿಸಿಯಾಗಿ ಅಂಡಮಾನಿನ ಹವಳ ಬಿಳಿಚಿಕೊಂಡು ಬಹಳ ಸತ್ತಿದೆ, ಉಳಿದದ್ದನ್ನು ನಾವು ತುಳಿಯುವುದು ಬೇಡ. ದಡದಲ್ಲಿ ಬಿದ್ದ ತುಂಡನ್ನೂ ಮಗ ಜೇಬಿಗೆ ಹಾಕದಂತೆ ನೋಡಿಕೊಳ್ಳಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹವಳದ ದಿಬ್ಬ ಕಟ್ಟುವ ಜೀವಿಗಳು ಹುಲಿಯಿರುವ ಒಂದನೆಯ ಪಟ್ಟಿಯಲ್ಲೇ ಇವೆ.

ಅತ್ತೆಯವರನ್ನು ಸಿಲಿಂಡರ್ ಹಾಕಿಸಿ ಇಳಿಸಬೇಡಿ. ಗಾಜಿನ ತಳದ ದೋಣಿ ಇದೆ, ಹವಳ, ಮೀನು ಎರಡೂ ಕಾಣುತ್ತವೆ. ನೀವು ಮೂವರೂ ಡೈವ್ ಕೇಂದ್ರದ ಆರೋಗ್ಯದ ಪ್ರಶ್ನಾವಳಿಯನ್ನು ಈಗಲೇ ತರಿಸಿಕೊಂಡು ಓದಿ. ಅಸ್ತಮಾ, ಮೂರ್ಛೆ, ಹೃದಯದ ತೊಂದರೆ, ಹಿಂದೆ ಕಿವಿ ಸೋರಿದ್ದು ಯಾವುದಿದ್ದರೂ ಮುಚ್ಚಿಡದೆ ಇಲ್ಲಿನ ವೈದ್ಯರಿಂದ ಬರೆಸಿಕೊಂಡು ಹೋಗಿ. ಡೈವ್ ಕೇಂದ್ರಕ್ಕೆ ಫೋನ್ ಮಾಡಿದಾಗ ದೋಣಿಯಲ್ಲಿ ತುರ್ತು ಆಮ್ಲಜನಕ ಇದೆಯೇ ಎಂದು ಕೇಳಿ, ಉತ್ತರ ತಡವರಿಸಿದರೆ ಬೇರೆ ಕೇಂದ್ರ ನೋಡಿ. ಪ್ರವಾಸದ ವಿಮೆಯಲ್ಲಿ ಸ್ಕೂಬಾ ಸೇರಿದೆಯೇ ಎಂದೂ ನೋಡಿಕೊಳ್ಳಿ.

ಕನ್ನಡಕದ ಚಿಂತೆ ಬೇಡ. ಮೃದುವಾದ ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಮಾಸ್ಕ್ ಧರಿಸಬಹುದು, ಇಲ್ಲವೇ ನಂಬರಿನ ಗಾಜಿರುವ ಮಾಸ್ಕ್ ಸಿಗುತ್ತದೆ. ನನ್ನ ಬಳಿ ಮೈನಸ್ ಎರಡೂವರೆಯದು ಒಂದಿದೆ. ನಿಮ್ಮ ನಂಬರ್ ಹತ್ತಿರವಿದ್ದರೆ ಭಾನುವಾರ ಹಡಪಸರಕ್ಕೆ ಬಂದು ತೆಗೆದುಕೊಂಡು ಹೋಗಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದಾಗ ಅಂಟಿಕೊಂಡು ನಿಂತರೆ ಅದು ನಿಮಗೆ ಹೊಂದುತ್ತದೆ. ಮಗನನ್ನೂ ಕರೆತನ್ನಿ, ಅವನ ಅಳತೆಯದೂ ಒಂದು ಇದೆ.